ನವ್ವಾಫರ ಸಪ್ತವಾರ್ಷಿಕ ಯೋಜನೆ

ನಿವೃತ್ತಿಯಾದ ಗಂಡಸನ್ನು ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂಬುದು ನವ್ವಾಫರ ದೊಡ್ಡ ದೂರು. ಇರ್ಬಿದ್ ಊರಿನ ಒಂದು ಸರ್ಕಾರಿ ಕಚೇರಿಯ ಯೋಜನಾ ವಿಭಾಗದಲ್ಲಿ ಅವರು ಮೂವತ್ತೊಂದು ವರ್ಷ ಯೋಜನೆ ಹಾಕಿದವರು. ಅವರ ಯೋಜನೆಗಳಲ್ಲಿ ಒಂದೂ ಕಾಗದದಿಂದ ನೆಲಕ್ಕಿಳಿದಿರಲಿಲ್ಲ; ಆದ್ದರಿಂದ ಒಂದೂ ವಿಫಲವಾಗಿರಲಿಲ್ಲ. ಇಂಥ ಕಳಂಕರಹಿತ ಮಹಾನುಭಾವರು ಎಂಟು ತಿಂಗಳಿಂದ ಮನೆಯಲ್ಲೇ ಕೂತಿದ್ದರೂ, ಆಲಿವ್ ಕಾಯಿಯನ್ನು ಯಾವ ಜಾಡಿಗೆ ಹಾಕಬೇಕೆಂದು ಸಹ ಹೆಂಡತಿ ಕೇಳುತ್ತಿರಲಿಲ್ಲ. (ಒಮ್ಮೆ ಕೇಳದೆಯೇ ಹೇಳಿದ್ದರು. ಆ ಜಾಡಿಗೆ ಬೂಷ್ಟು ಹಿಡಿಯಿತು.)

ಹೀಗಿರುವಾಗ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಲಬ್ನೆ ಎಂಬ ಗಟ್ಟಿ ಮೊಸರಿನ ತಟ್ಟೆಗೆ ಎಣ್ಣೆ ಸುರಿಯುತ್ತಾ ಹೆಂಡತಿ ಇಂತಿಸಾರ್, ಗಂಡನನ್ನು ಮಗ ಬಾಸಿಲ್‌ನ ಅಪ್ಪ ಎಂದೇ ಕರೆಯುವ ರೂಢಿಯಂತೆ, ಹೇಳಿದರು:

"ಅಬು ಬಾಸಿಲ್, ನಾನು ಡಿಗ್ರಿ ಮುಗಿಸ್ತೀನಿ."

"ಯಾವ ಡಿಗ್ರಿ? ಹೊರಗೆ ಆಗಲೇ ಮೂವತ್ತೆಂಟು ಡಿಗ್ರಿ ಇದೆ."

"ಅರ್ಥಶಾಸ್ತ್ರದ್ದು. ನಿಮ್ಮನ್ನ ಕಟ್ಕೊಂಡು ಅರ್ಧಕ್ಕೆ ಬಿಟ್ಟಿದ್ದು. ವಿಶ್ವವಿದ್ಯಾಲಯದಿಂದ ಕಾಗದ ಬಂದಿದೆ. ಆವಾಗಿನ ನಲವತ್ತೆಂಟು ಗಂಟೆನ ಲೆಕ್ಕಕ್ಕೆ ತಗೋತಾರಂತೆ."

ಆ ವಿಶ್ವವಿದ್ಯಾಲಯದಲ್ಲಿ ಎಲ್ಲಕ್ಕೂ ಗಂಟೆಯ ಲೆಕ್ಕ. ಪದವಿಗೆ ನೂರ ಮೂವತ್ತೆರಡು ಗಂಟೆ, ಒಂದು ವಿಷಯಕ್ಕೆ ಮೂರು. ಇಂತಿಸಾರ್ ಎರಡು ವರ್ಷ ಓದಿ, ಇಪ್ಪತ್ತೊಂದಕ್ಕೆ ಮದುವೆಯಾಗಿ ಬಂದಾಗ, "ಓದೋಕೇನು, ಆಮೇಲೂ ಓದಬಹುದು" ಎಂದು ಅತ್ತೆ ಹೇಳಿದ್ದರು. ಆಮೇಲೆ ಬಾಸಿಲ್ ಹುಟ್ಟಿದ. ಆಮೇಲೆ ರಹಫ್ ಹುಟ್ಟಿದಳು. ಆಮೇಲೆ ಅತ್ತೆಯೇ ಹಾಸಿಗೆ ಹಿಡಿದರು. ಹೀಗೆ ಆಮೇಲೆ ಎಂಬುದು ಇಪ್ಪತ್ತಾರು ವರ್ಷ ಹಿಗ್ಗಿತ್ತು. ಕಾಗದವನ್ನು ಇಂತಿಸಾರ್ ನಾಲ್ಕು ಸಲ ಓದಿದ್ದರು. ಐದನೆಯ ಸಲ ಗಂಡನಿಗೆ ಓದಿ ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು.

ನವ್ವಾಫರ ಕಣ್ಣಲ್ಲೂ ಏನೋ ಹೊಳೆಯಿತು. ಹೆಂಡತಿ ಅದನ್ನು ಪ್ರೀತಿ ಎಂದುಕೊಂಡರು. ಅದು ಪ್ರೀತಿಯಾಗಿರಲಿಲ್ಲ. ಉಳಿದದ್ದು ಎಂಬತ್ತನಾಲ್ಕು ಗಂಟೆ, ಅಂದರೆ ಇಪ್ಪತ್ತೆಂಟು ವಿಷಯ. ಇದು ಪಾಸಾದರೆ ಮಾತ್ರ ಅದು, ಅದು ಪಾಸಾದರೆ ಮಾತ್ರ ಮತ್ತೊಂದು ಎಂಬ ಗಂಟುಗಳು. ಕೆಲವು ವಿಷಯ ಬರೀ ಶರತ್ಕಾಲಕ್ಕೆ, ಕೆಲವು ಬರೀ ವಸಂತಕ್ಕೆ. ಇಷ್ಟು ಸೊಗಸಾದ ಗೋಜಲನ್ನು ಅವರು ನೌಕರಿಯಲ್ಲೂ ಕಂಡಿರಲಿಲ್ಲ.

"ಇದಕ್ಕೆ ಪ್ಲಾನ್ ಯಾರು ಹಾಕ್ತಿದ್ದಾರೆ?"

"ನಾನೇ ಹಾಕ್ಕೋತೀನಿ."

"ನೀನಾ!" ಎಂದರು ನವ್ವಾಫ್. ನಕ್ಷೆಯಿಲ್ಲದೆ ಸೇತುವೆ ಕಟ್ಟಲು ಹೊರಟವರನ್ನು ನೋಡುವಂತೆ ನೋಡಿದರು. "ಉಮ್ಮ್ ಬಾಸಿಲ್, ನಾನು ಬದುಕಿರುವಾಗ ನೀನು ಪ್ಲಾನ್ ಹಾಕೋದು ಅಂದ್ರೆ ನಾಳೆ ಜನ ಏನಂದಾರು?"

ಮೂರು ದಿನ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಹಳೆಯದೊಂದು ರಸ್ತೆ ನಕ್ಷೆಯ ಬೆನ್ನಿನ ಮೇಲೆ ಪೆನ್ಸಿಲ್, ಅಳತೆಪಟ್ಟಿ, ನಾಲ್ಕು ಬಣ್ಣದ ಶಾಯಿ. ಮನೆಯವರು ನೆಲದ ಮೇಲೆ ಕೂತು ಉಂಡರು. ಮೂರನೆಯ ದಿನ ನವ್ವಾಫ್ ಕಾಗದವನ್ನು ಗೋಡೆಗೆ ಅಂಟಿಸಿ, ಗಂಟಲು ಸರಿಮಾಡಿಕೊಂಡು, ಹೆಂಡತಿಯನ್ನೂ ಮಗಳನ್ನೂ ಎದುರಿಗೆ ಕೂರಿಸಿದರು. ರಹಫ್ ಅದೇ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಓದುತ್ತಿದ್ದಳು. ಬಾಯಿ ಮಾತ್ರ ವಕೀಲರದು.

"ಮೊದಲಿಗೆ ಸೈನಿಕ ವಿಜ್ಞಾನ," ಎಂದು ಶುರುಮಾಡಿದರು ನವ್ವಾಫ್. "ಎಲ್ಲರಿಗೂ ಕಡ್ಡಾಯ."

"ಅದು ಆವಾಗಲೇ ಪಾಸಾಗಿದ್ದೀನಿ, ಮದುವೆಗೆ ಮುಂಚೆ," ಎಂದರು ಇಂತಿಸಾರ್. "ಅದಕ್ಕೇ ಇನ್ನೂ ಬದುಕಿದ್ದೀನಿ."

"ಸರಿ, ಹೊಡೆದು ಹಾಕ್ತೀನಿ. ಮುಂದೆ, ಸಂಖ್ಯಾಶಾಸ್ತ್ರ. ಭಾನುವಾರ, ಮಂಗಳವಾರ, ಗುರುವಾರ, ಬೆಳಿಗ್ಗೆ ಎಂಟಕ್ಕೆ. ಅದಾದ ಮೇಲೆ ಹಣಕಾಸು ತತ್ವ..."

"ಯಾಬಾ, ಹನ್ನೊಂದು ಗಂಟೆ ಮೇಲೆ ಈ ಕೆಂಪು ಗೆರೆ ಯಾಕೆ?" ರಹಫ್ ಕೇಳಿದಳು.

"ಅದು ಗಡಿ."

"ಯಾವ ದೇಶದ್ದು?"

ನವ್ವಾಫ್ ಅಳತೆಪಟ್ಟಿ ಇಟ್ಟು ಆ ಗೆರೆಯನ್ನು ಇನ್ನೊಮ್ಮೆ ಎಳೆದರು. ಆ ಗಡಿಯಾಚೆ ಅವರ ಹೊಟ್ಟೆಯ ಸಾಮ್ರಾಜ್ಯವಿತ್ತು. ಎರಡು ಗಂಟೆಗೆ ಊಟ ಬಿಸಿಯಾಗಿ ಮುಂದೆ ಬರಬೇಕಾದರೆ ಹನ್ನೊಂದೂವರೆಗೆ ಒಲೆ ಹತ್ತಬೇಕು, ಅದಕ್ಕೆ ಹನ್ನೊಂದಕ್ಕೆ ಇಂತಿಸಾರ್ ಬಸ್ಸು ಹಿಡಿಯಬೇಕು. ಶುಕ್ರವಾರ, ಶನಿವಾರ ಹೇಗೂ ಊರಿಗೇ ರಜೆ. ಸೋಮವಾರ ನವ್ವಾಫರ ಅಕ್ಕ ಬರುವ ದಿನ, ಅವತ್ತು ಪಾಠವೇ ಬೇಡ. ಬುಧವಾರ ಕೂಸಾ ಎಂಬ ಎಳೆ ಸೋರೆಯಂಥ ಕಾಯಿ ಕೊರೆದು, ಅಕ್ಕಿ ಮಾಂಸ ತುಂಬಿ ಬೇಯಿಸುವ ದಿನ. ಅದಕ್ಕೆ ಬೆಳಗ್ಗೆಯೆಲ್ಲ ಬೇಕು. ಹೀಗೆ ಎಲ್ಲ ಕಳೆದು ಉಳಿದದ್ದು ಆರು ತಿಂಗಳ ಒಂದು ಅವಧಿಗೆ ಎರಡೇ ಎರಡು ವಿಷಯ.

ರಹಫ್ ಬೆರಳು ಮಡಚಿದಳು. "ಇಪ್ಪತ್ತೆಂಟು ವಿಷಯ. ಅವಧಿಗೆ ಎರಡು, ಹದಿನಾಲ್ಕು ಅವಧಿ. ಅಂದ್ರೆ ಏಳು ವರ್ಷ! ಯಾಬಾ, ಅಷ್ಟರಲ್ಲಿ ಯಮ್ಮಾ ಡಾಕ್ಟರೇ ಆಗಬಹುದು."

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದರು ನವ್ವಾಫ್.

"ನಿಧಾನಗಾರನಿಗೆ ಊಟ ಬಿಸಿ," ಎಂದರು ಇಂತಿಸಾರ್. ಅಷ್ಟು ಹೇಳಿ ಎದ್ದು ಒಳಗೆ ಹೋದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವರು ಜಗಳವಾಡಿದಾಗಲೆಲ್ಲ ನವ್ವಾಫ್ ಗೆದ್ದಿದ್ದರು. ಆಕೆ ಎದ್ದು ಒಳಗೆ ಹೋದಾಗಲೆಲ್ಲ ನವ್ವಾಫ್ ಸೋತಿದ್ದರು. ಈ ಸಲ ಅದು ಅವರ ಗಮನಕ್ಕೆ ಬರಲಿಲ್ಲ.

ಮುಂದಿನ ವಾರ ವಿಶ್ವವಿದ್ಯಾಲಯದ ಸಲಹೆಗಾರರ ಭೇಟಿ. ಡಾಕ್ಟರ್ ಲುಜೈನ್ ಎಂಬ ಮೂವತ್ತರ ಅಧ್ಯಾಪಕಿ. ಕೋಣೆಯಲ್ಲಿ ಒಂದೇ ಕುರ್ಚಿ ಖಾಲಿಯಿತ್ತು; ನವ್ವಾಫ್ ಅದರಲ್ಲಿ ಕೂತು ನಕ್ಷೆ ಬಿಚ್ಚಿದರು. ಹತ್ತು ನಿಮಿಷ ನಿರರ್ಗಳವಾಗಿ ವಿವರಿಸಿದರು. ಅಧ್ಯಾಪಕಿ ಕೈಮೇಲೆ ಗಲ್ಲವಿಟ್ಟು ಕೇಳಿದರು, ಕೊನೆಗೆ ಬಹಳ ಮೃದುವಾಗಿ ಹೇಳಿದರು:

"ಈ ವಯಸ್ಸಲ್ಲಿ ಓದಬೇಕು ಅನ್ನೋ ನಿಮ್ಮ ಛಲ ನೋಡಿ ಖುಷಿಯಾಯ್ತು ಉಸ್ತಾದ್. ಯಾಕೆ ಅರ್ಧಕ್ಕೆ ಬಿಟ್ರಿ?"

"ನಾನಲ್ಲ! ಇವಳು!" ನವ್ವಾಫ್ ಬಾಗಿಲ ಪಕ್ಕ ನಿಂತಿದ್ದ ಹೆಂಡತಿಯತ್ತ ಕೈ ತೋರಿಸಿದರು.

ಲುಜೈನ್ ಎದ್ದು ತಮ್ಮ ಕುರ್ಚಿಯನ್ನೇ ಇಂತಿಸಾರ್‌ಗೆ ಕೊಟ್ಟರು. ಹಳೆಯ ಅಂಕಪಟ್ಟಿ ನೋಡಿದರು. ಹುಬ್ಬೇರಿಸಿ, ಚಿಕ್ಕಮ್ಮನನ್ನು ಕರೆಯುವಂತೆ ಕರೆದರು. "ಖಾಲಾ, ಇಷ್ಟು ಅಂಕ ಈಗಿನ ಮಕ್ಕಳು ಕನಸಲ್ಲೂ ತೆಗೆಯಲ್ಲ." ಆಮೇಲೆ ನಕ್ಷೆಯತ್ತ ತಿರುಗಿದರು. "ಇದರಲ್ಲಿ ಎರಡು ತೊಂದರೆ ಇದೆ. ಬಿಟ್ಟು ಮತ್ತೆ ಸೇರಿದವರು ನಾಲ್ಕು ವರ್ಷದಲ್ಲಿ ಮುಗಿಸಬೇಕು. ಇಲ್ಲಾಂದ್ರೆ ಹಳೇ ನಲವತ್ತೆಂಟು ಗಂಟೆಯೂ ಹೋಯ್ತು, ಹೊಸದೂ ಹೋಯ್ತು. ಎರಡನೇದು, ನೀವು ಸೂಕ್ಷ್ಮನ ಮರೆತಿದ್ದೀರಿ."

"ನಾನು? ಸೂಕ್ಷ್ಮ ಮರೆಯೋನಾ?" ನವ್ವಾಫ್ ಕೆರಳಿದರು.

"ಸೂಕ್ಷ್ಮ ಅರ್ಥಶಾಸ್ತ್ರ, ಭಾಗ ಎರಡು. ಅದು ಪಾಸಾಗದೆ ಮುಂದಿನ ಹನ್ನೊಂದು ವಿಷಯದ ಬಾಗಿಲೇ ತೆರೆಯಲ್ಲ. ಶರತ್ಕಾಲದಲ್ಲಿ ಮಾತ್ರ ಇರುತ್ತೆ. ಸೋಮವಾರ, ಬುಧವಾರ, ಹನ್ನೆರಡೂವರೆಯಿಂದ ಎರಡು. ಆದರೆ ಇಲ್ಲಿ ಕೆಂಪು ಗೆರೆ ಇದೆಯಲ್ಲ, ಅದೇನು ಕಾರಣ?"

"ತಾಂತ್ರಿಕ ಕಾರಣ," ಎಂದರು ನವ್ವಾಫ್.

"ಊಟ," ಎಂದರು ಇಂತಿಸಾರ್.

ಲುಜೈನ್ ನಕ್ಷೆಯನ್ನು ಮಡಚಿ ನವ್ವಾಫರ ಕೈಗೆ ಕೊಟ್ಟರು.

ದಾರಿಯುದ್ದಕ್ಕೂ ನವ್ವಾಫ್ ಒಂದೇ ಮಾತು ಹೇಳಿದರು. "ಎಂಟು ಗಂಟೆಗೂ ಒಂದು ಸೂಕ್ಷ್ಮ ಇದ್ದೇ ಇರುತ್ತೆ. ಇಲಾಖೆಯವರು ಬಚ್ಚಿಟ್ಟಿರ್ತಾರೆ. ಮೂವತ್ತೊಂದು ವರ್ಷ ನಾನೇನು ಕಡ್ಲೆಕಾಯಿ ತಿಂತಿದ್ನಾ?"

"ಇಪ್ಪತ್ತಾರು ವರ್ಷ ಆಯ್ತು ಅಬು ಬಾಸಿಲ್. ಸೂಕ್ಷ್ಮ ಅರ್ಥ ಮಾಡ್ಕೊಳ್ಳೋದು ಅಂದ್ರೇನು ಅಂತ ನಿಮಗೆ ಭಾಗ ಒಂದೂ ಬಂದಿಲ್ಲ," ಎಂದು ಇಂತಿಸಾರ್ ಕಿಟಕಿಯಾಚೆ ನೋಡಿದರು.

ಹೆಸರು ನೋಂದಾಯಿಸುವ ದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಸೂಕ್ಷ್ಮ ಎರಡಕ್ಕೆ ನಲವತ್ತೇ ಜಾಗ ಎಂದು ರಹಫ್ ಎಚ್ಚರಿಸಿ ಕಾಲೇಜಿಗೆ ಹೋಗಿದ್ದಳು. ಇಂತಿಸಾರ್ ಒಂಬತ್ತೂವರೆಗೇ ಮಗಳ ಲ್ಯಾಪ್‌ಟಾಪ್ ಮುಂದೆ ಕೂತರು. ಒಂಬತ್ತು ಐವತ್ತೆಂಟಕ್ಕೆ ನವ್ವಾಫ್ ಬಂದರು.

"ಏಳು, ಏಳು. ನಿನಗೆ ಇದು ಆಗಲ್ಲ. ಇಲ್ಲಿ ವೇಗ ಬೇಕು."

"ನನ್ನ ಡಿಗ್ರಿ. ನಾನೇ ಒತ್ತುತೀನಿ."

"ಒತ್ತೋದಕ್ಕೂ ಒಂದು ಕ್ರಮ ಇರುತ್ತೆ! ಒಂದೇ ನಿಮಿಷ ಕೊಡು."

ಒಲೆಯ ಮೇಲೆ ಹಾಲುಕ್ಕುವ ವಾಸನೆ ಬಂತು. ಇಂತಿಸಾರ್ ಎದ್ದು ಓಡಿದರು. ಒಲೆ ಆರಿಸಿ ಬರುವಷ್ಟರಲ್ಲಿ ನವ್ವಾಫ್ ಸಿಂಹಾಸನಾರೂಢರಾಗಿದ್ದರು. ಎರಡು ಬೆರಳಲ್ಲಿ ಕುಟ್ಟುತ್ತಾ, ಹನ್ನೆರಡೂವರೆಯ ಸೂಕ್ಷ್ಮ ಕಣ್ಣೆದುರೇ ಇದ್ದರೂ ಅದನ್ನು ಮುಟ್ಟದೆ, ಎಂಟು ಗಂಟೆಯ ಸೂಕ್ಷ್ಮವನ್ನು ಹುಡುಕುತ್ತಿದ್ದರು. ಮೊದಲ ಪುಟದಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಇರಲಿಲ್ಲ. ಪಶುವೈದ್ಯ ವಿಭಾಗದಲ್ಲೂ ನೋಡಿದರು.

"ಇರೋದನ್ನ ಒತ್ತಿ! ಅಬು ಬಾಸಿಲ್, ದಮ್ಮಯ್ಯ, ಇರೋದನ್ನ ಒತ್ತಿ!"

"ತಾಳ್ಮೆ, ತಾಳ್ಮೆ. ಅವರು ಬಚ್ಚಿಡೋ ಜಾಗ ನನಗೆ ಗೊತ್ತು."

ಏಳು ನಿಮಿಷದ ನಂತರ ಅವರು ಸೋತು ಮೊದಲ ಪುಟಕ್ಕೆ ಮರಳಿದರು. ಹನ್ನೆರಡೂವರೆಯ ಸೂಕ್ಷ್ಮದ ಮುಂದೆ ಒಂದೇ ಪದವಿತ್ತು: ಭರ್ತಿ.

ಇಂತಿಸಾರ್ ಕೂಗಲಿಲ್ಲ, ಅಳಲಿಲ್ಲ. ಅಡುಗೆಯ ಏಪ್ರನ್ ಬಿಚ್ಚಿ ಗಂಡನ ಹೆಗಲ ಮೇಲೆ ಹಾಕಿದರು. ಹೊರಗೆ ಹೋಗುವ ಉದ್ದನೆಯ ನಿಲುವಂಗಿ ತೊಟ್ಟು, ಕೈಚೀಲ ಹಿಡಿದು, ಬಾಗಿಲು ತೆರೆದು ಹೊರಟರು. ಆ ಮೌನಕ್ಕೆ ನವ್ವಾಫರಿಗೆ ಮೊದಲ ಬಾರಿ ಹೆದರಿಕೆಯಾಯಿತು. ಅವಳು ಇಪ್ಪತ್ತೊಂದರಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕಿದಾಗಲೂ ಹೀಗೆಯೇ ಏನೂ ಅಂದಿರಲಿಲ್ಲ ಎಂಬುದು ಅವರಿಗೆ ಈಗ ಹೊಳೆಯಿತು. ಮೆಟ್ಟಿಲಿಳಿದು ಹಿಂದೆಯೇ ಓಡಿದರು. (ಏಪ್ರನ್ ಹೆಗಲ ಮೇಲೇ ಇತ್ತು. ಬಸ್ಸಿನಲ್ಲಿ ಮೂವರು ನಕ್ಕ ಮೇಲೆ ತಿಳಿದು ಕೈಗೆ ಸುತ್ತಿಕೊಂಡರು.)

ವಿಶ್ವವಿದ್ಯಾಲಯದಲ್ಲಿ ಲುಜೈನ್ ಒಂದು ಅರ್ಜಿ ನಮೂನೆ ಕೊಟ್ಟರು, ಇಂತಿಸಾರ್ ತುಂಬಿದರು. ಭರ್ತಿಯಾದ ತರಗತಿಗೆ ಇನ್ನೊಬ್ಬರನ್ನು ಸೇರಿಸಬೇಕಾದರೆ ಪಾಠ ಮಾಡುವ ಡಾಕ್ಟರ್ ಮುನ್ಸಿಫ್ ಸಹಿ ಹಾಕಬೇಕು. ಅವರೇ ವಿಭಾಗದ ಮುಖ್ಯಸ್ಥರು. ನರೆತ ತಲೆಯ ಮುನ್ಸಿಫ್ ಕನ್ನಡಕ ಏರಿಸಿ, ಸಾಲುಗಟ್ಟಿ ನಿಂತ ಹುಡುಗ ಹುಡುಗಿಯರ ಮುಂದೆಯೇ ಅರ್ಜಿ ಓದಿದರು.

"'ತಡವಾದುದಕ್ಕೆ ಕಾರಣ: ಮನೆಯಲ್ಲಿ ಒಬ್ಬರು ಅವಲಂಬಿತರಿದ್ದಾರೆ. ಹೊತ್ತು ಹೊತ್ತಿಗೆ ಉಣಿಸಬೇಕು. ನೋಂದಣಿಯ ವೇಳೆ ಕಂಪ್ಯೂಟರ್ ಕಸಿದುಕೊಂಡರು.' ಅಯ್ಯೋ ಪಾಪ. ಮಗುಗೆ ಎಷ್ಟು ವಯಸ್ಸಮ್ಮ?"

"ಐವತ್ತೆಂಟು," ಎಂದರು ಇಂತಿಸಾರ್.

ಎಲ್ಲರೂ ಏಪ್ರನ್ನಿನ ಕಡೆ ತಿರುಗಿದರು.

ಮುನ್ಸಿಫ್ ನಗಲಿಲ್ಲ. ಮೇಜಿನ ಖಾನೆಯಿಂದ ಕಾಗದದಲ್ಲಿ ಸುತ್ತಿದ ತಣ್ಣನೆಯ ಬ್ರೆಡ್ಡು ತೆಗೆದು ತೋರಿಸಿದರು. "ನನ್ನ ಹೆಂಡತಿ ರಸಾಯನಶಾಸ್ತ್ರ ಹೇಳ್ಕೊಡ್ತಾಳೆ, ಮಧ್ಯಾಹ್ನ. ಇಪ್ಪತ್ತೆರಡು ವರ್ಷ ಆಯ್ತು ಉಸ್ತಾದ್. ಸತ್ತಿಲ್ಲ ನೋಡಿ." ಸಹಿ ಹಾಕಿದರು. "ಒಂದು ಷರತ್ತು. ಮೂರು ದಿನಕ್ಕಿಂತ ಹೆಚ್ಚು ಗೈರಾದ್ರೆ ಹೆಸರು ತೆಗೀತೀನಿ. ಅದಕ್ಕೊಬ್ಬ ಜಾಮೀನುದಾರ ಬೇಕು."

ನವ್ವಾಫ್ ಸಹಿ ಹಾಕಿದರು. ಮೂವತ್ತೊಂದು ವರ್ಷದ ನೌಕರಿಯನ್ನೂ ಸೇರಿಸಿ ಅವರು ಸಹಿ ಹಾಕಿದ ಕಾಗದಗಳಲ್ಲಿ ಜಾರಿಗೆ ಬಂದದ್ದು ಇದೊಂದೇ.

ತರಗತಿ ಶುರುವಾಯಿತು. ಇಂತಿಸಾರ್ ಅವಧಿಗೆ ನಾಲ್ಕು ವಿಷಯ ತೆಗೆದುಕೊಂಡು, ಮೂರೂವರೆ ವರ್ಷದ ಪಟ್ಟಿಯನ್ನು ಹಳೆಯ ಲಕೋಟೆಯೊಂದರ ಹಿಂದೆ ಹತ್ತು ನಿಮಿಷದಲ್ಲಿ ಬರೆದು ಮುಗಿಸಿದರು. ಗಂಡನ ಅಕ್ಕನಿಗೆ ಶನಿವಾರ ಬರಲು ಹೇಳಿದರು. ಸೋಮವಾರ, ಬುಧವಾರ ಅಡುಗೆ ನವ್ವಾಫರದು. ಮೊದಲ ಸೋಮವಾರ ಬೇಳೆ, ಅಕ್ಕಿ ಸೇರಿಸಿ ಮುಜದ್ದರ ಮಾಡಲು ಹೋದರು; ಬೇಳೆ ತಳ ಹತ್ತಿತು, ಅಕ್ಕಿ ಹತ್ತಲಿಲ್ಲ, ಬೇಯಲೂ ಇಲ್ಲ. "ಯಾಬಾ, ಇದು ಮುಜದ್ದರ ಅಲ್ಲ, ರಸ್ತೆ ಕಾಮಗಾರಿ," ಎಂದಳು ರಹಫ್. ಇಂತಿಸಾರ್ ಮಾತ್ರ ಎರಡು ತಟ್ಟೆ ಉಂಡರು. ಅವರ ಕೆನ್ನೆ ಕೆಂಪಾಗಿತ್ತು, ಕೈಬೆರಳಿಗೆ ಶಾಯಿ ಹತ್ತಿತ್ತು, ಬೆಲೆ ಏರಿದಾಗ ಜನ ಏನು ಮಾಡುತ್ತಾರೆಂದು ಚಮಚ ಆಡಿಸುತ್ತಾ ಹೇಳುತ್ತಲೇ ಇದ್ದರು. ಇಂಥ ಹೆಂಡತಿಯನ್ನು ನವ್ವಾಫ್ ನಿಶ್ಚಿತಾರ್ಥದ ದಿನ ಒಮ್ಮೆ ನೋಡಿದ್ದರು, ಆಮೇಲೆ ಈಗಲೇ.

ನಾಲ್ಕನೆಯ ಬುಧವಾರ ಇಂತಿಸಾರ್ ಮನೆಗೆ ಬಂದವರೇ ಹೇಳಿದರು:

"ಇವತ್ತು ಕ್ಲಾಸಲ್ಲಿ ನಿಮ್ಮ ವಿಷಯ ಬಂತು."

"ನನ್ನದಾ?"

"ಹೂಂ. ನಿಮ್ಮ ಮೂವತ್ತೊಂದು ವರ್ಷದ ಸರ್ವೀಸು. ನಾನೇ ಎದ್ದು ನಿಂತು ಹೇಳಿದೆ. ಎಲ್ಲಾ ಬರ್ಕೊಂಡ್ರು. ಡಾಕ್ಟರ್ ಮುನ್ಸಿಫ್‌ಗೆ ಎಷ್ಟು ಹಿಡಿಸ್ತು ಅಂದ್ರೆ, ಮುಂದಿನ ಬುಧವಾರ ಅವರನ್ನೇ ಕರ್ಕೊಂಡು ಬನ್ನಿ ಅಂದ್ರು."

ನವ್ವಾಫ್ ಸೌಟು ಕೆಳಗಿಟ್ಟರು. ಅಂತೂ ಲೋಕ ಕಣ್ಣು ತೆರೆಯಿತು! ಕಪ್ಪು ಸೂಟು ಇಸ್ತ್ರಿಗೆ ಹೋಯಿತು. ತರಕಾರಿ ಅಂಗಡಿಯವನಿಗೆ, ಕ್ಷೌರಿಕನಿಗೆ, ಮೇಲಿನ ಮನೆಯ ಜನರಲ್ ಒಬ್ಬರ ವಿಧವೆಗೆ ಸುದ್ದಿ ಮುಟ್ಟಿತು: ವಿಶ್ವವಿದ್ಯಾಲಯದವರು ಕರೆದಿದ್ದಾರೆ. ವಾರವೆಲ್ಲ ಕೂತು ಹದಿನಾರು ಪುಟದ ಭಾಷಣ ಬರೆದರು, ಕನ್ನಡಿಯ ಮುಂದೆ ಎರಡು ಬಾರಿ ಓದಿದರು. ಇಂತಿಸಾರ್ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ "ಈಗ ಮಾತಾಡಿಸಬೇಡ" ಎಂದರು.

ಬುಧವಾರ ಹನ್ನೆರಡೂವರೆ. ನಲವತ್ತೊಂದು ಜನ ವಿದ್ಯಾರ್ಥಿಗಳು. ಮುನ್ಸಿಫ್ ಕೈಕುಲುಕಿ, ಎಲ್ಲರಿಗೂ ಕಾಣುವಂತೆ ಎದುರಿಗೇ ಕುರ್ಚಿ ಹಾಕಿಸಿದರು. ನವ್ವಾಫ್ ಹದಿನಾರು ಪುಟ ಬಿಚ್ಚಿ ಗಂಟಲು ಸರಿಮಾಡಿಕೊಂಡರು.

"ಎಲ್ಲಿಂದ ಶುರು ಮಾಡಲಿ ಡಾಕ್ಟರ್?"

"ಛೆ ಛೆ, ನೀವೇನೂ ಮಾಡಬೇಕಾಗಿಲ್ಲ ಉಸ್ತಾದ್. ಸುಮ್ಮನೆ ಕೂತಿರಿ," ಎಂದು ಮುನ್ಸಿಫ್ ಹಲಗೆಯತ್ತ ತಿರುಗಿ ದೊಡ್ಡ ಅಕ್ಷರದಲ್ಲಿ ಬರೆದರು: ಒಬ್ಬ ಕೆಲಸಗಾರನನ್ನು ತೆಗೆದರೂ ಉತ್ಪಾದನೆ ಎಳ್ಳಷ್ಟೂ ಕಡಿಮೆಯಾಗದ ಸ್ಥಿತಿ. ಒಂದು ಉದಾಹರಣೆ.

ನಲವತ್ತು ಮಕ್ಕಳು ತಲೆಯೆತ್ತಿ ಕುರ್ಚಿಯಲ್ಲಿದ್ದ ನವ್ವಾಫರನ್ನು ನೋಡಿ, ತಲೆ ತಗ್ಗಿಸಿ ಬರೆದುಕೊಂಡರು. ನಲವತ್ತೊಂದನೆಯವರು ಬರೆದದ್ದರ ಕೆಳಗೆ ಎರಡು ಗೆರೆಯನ್ನೂ ಎಳೆದರು.