ಮೇಲೆ ಹಿಡಿಯುವವನು

ತಪ್ಪು ಯಾರದು ಎಂಬ ಪ್ರಶ್ನೆ ಎದ್ದ ಕೂಡಲೇ ನನ್ನ ಬೆರಳು ನನ್ನನ್ನು ಕೇಳದೆಯೇ ಹೆಂಡತಿಯ ಕಡೆ ತಿರುಗುತ್ತದೆ. ಇದು ನನ್ನೊಬ್ಬನ ಚಾಳಿಯೋ, ಗಂಡಸರದೆಲ್ಲ ಹೀಗೆಯೋ ಗೊತ್ತಿಲ್ಲ. ಸಾರಿಗೆ ಉಪ್ಪು ಹೆಚ್ಚಾದಾಗ ಬಿಡಿ, ಮಡಗಾಂವ್ ಸ್ಟೇಷನ್ನಿನಲ್ಲಿ ನಾನೇ ಮುಂದೆ ನಿಂತು ಬೇರೆ ರೈಲು ಹತ್ತಿಸಿದಾಗಲೂ ಬೈಸಿಕೊಂಡವಳು ಕಸ್ತೂರಿಯೇ.

ನಾವು ವಿಜಾಪುರದ ಕಡೆಯವರು. ಹದಿನೆಂಟು ವರ್ಷಗಳಿಂದ ಗೋವಾದ ಫಾತೋರ್ಡಾದಲ್ಲಿ ಮನೆ ಕಟ್ಟುತ್ತಿದ್ದೇವೆ, ಮಂದಿಯ ಮನೆ. ಅವಳು ಕೆಳಗೆ ನಿಂತು ಇಟ್ಟಂಗಿ ಒಗೆಯುತ್ತಾಳೆ, ನಾನು ಮೊದಲ ಮಾಳಿಗೆಯ ಅಂಚಿನಲ್ಲಿ ಕೂತು ಹಿಡಿಯುತ್ತೇನೆ. ಜಗಳವಾಗಿ ಮಾತು ಬಿಟ್ಟ ದಿನವೂ ಇಟ್ಟಂಗಿ ನೆಟ್ಟಗೆ ನನ್ನ ಅಂಗೈಗೇ ಬರುತ್ತಿತ್ತು. ಸಿಟ್ಟಿನಲ್ಲಿ ನನ್ನ ತಲೆಗೆ ಗುರಿಯಿಡಬಹುದಿತ್ತು, ಇಡಲಿಲ್ಲ ಪಾಪ.

ಹೋದ ತಿಂಗಳು ಒಂದೇ ದಿನ ಮೂರು ಇಟ್ಟಂಗಿ ನನ್ನ ಕೈಗೆ ಸಿಗದೆ ಬಿದ್ದವು. ಮೂರನೆಯದು ಅವಳ ಪಾದದ ಹತ್ತಿರವೇ ಬಿದ್ದು ಎರಡು ತುಂಡಾಯಿತು. ಕೆಲಸ ಮಾಡಿಸುವ ಮುಕಾದಮ ಓಡಿಬಂದ. ಹಿಡಿತ ತಪ್ಪಿದವರನ್ನು ಅವನು ಮತ್ತೆ ಮೇಲೆ ಹತ್ತಿಸುವುದಿಲ್ಲ, ಗೋಡೆಗೆ ನೀರು ಹೊಡೆಯಲು ಹಚ್ಚುತ್ತಾನೆ. ನನ್ನ ಬೆರಳು ಎಂದಿನಂತೆ ಏಳುವಷ್ಟರಲ್ಲಿ ಕಸ್ತೂರಿಯೇ, "ತಪ್ಪ ನಂದರಿ. ಒಗಿಯೂದು ಅಡ್ಡಾದಿಡ್ಡಿ ಆತು," ಎಂದಳು.

ಸಂಜೆ, ಶಾಲೆಯಲ್ಲಿ ಥ್ರೋಬಾಲ್ ಆಡುವ ಮಗಳು, "ಅದಕ್ಕ ಇಂಗ್ಲಿಷಿನ್ಯಾಗ ಮಿಸ್‌ಥ್ರೋ ಅಂತಾರಪ್ಪಾ," ಎಂದಳು. ಒಗೆದವರ ತಪ್ಪಿಗೆಂದೇ ಇಂಗ್ಲಿಷರು ಒಂದು ಪದ ಇಟ್ಟಿದ್ದಾರೆಂದು ತಿಳಿದು ನನಗೆ ಭಾರೀ ಸಮಾಧಾನವಾಯಿತು.

ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಒಗದದ್ದು ನೆಟ್ಟಗ ಬಂದಿತ್ತು. ನಿಮಗ ಕಣ್ಣು ಕಾಣವಲ್ಲವು. ಮಡಗಾಂವಿಗೆ ಹೋಗಿ ಚಷ್ಮಾ ಮಾಡಿಸ್ಕೊಂಡ ಬರ್ರಿ."

"ಮತ್ತ ಮುಕಾದಮನ ಮುಂದ ಯಾಕ ಹಂಗ ಹೇಳಿದಿ?"

"ಮ್ಯಾಲ ನೀವಿಲ್ಲಂದ್ರ ನಾ ಯಾರಿಗೆ ಒಗೀಲಿ?"

ನನಗೆ ನಾಚಿಕೆಯಾಯಿತು. ಅವಳ ಮೇಲೆ ಎಲ್ಲಿಲ್ಲದ ಪ್ರೀತಿಯೂ ಬಂತು. ಎರಡನ್ನೂ ಹೇಳಲು ಬಾರದೆ ಇನ್ನೊಂದು ರೊಟ್ಟಿ ಕೇಳಿದೆ.

ಚಷ್ಮಾ ಹಾಕಿಕೊಂಡು ಮಾಳಿಗೆ ಹತ್ತಿದ ಮೊದಲ ದಿನ ಕೆಳಗೆ ನೋಡಿದೆ. ಅವಳು ಇಟ್ಟಂಗಿ ನೋಡಿ ಒಗೆಯುತ್ತಾಳೆಂದೇ ನಾನು ತಿಳಿದಿದ್ದೆ. ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನು. ಅವಳ ಹಣೆಯ ಹತ್ತಿರ ಕೂದಲು ಬೆಳ್ಳಗಾಗಿದ್ದೂ ಆಗಲೇ ಕಂಡದ್ದು. ನೋಡುತ್ತಲೇ ಕೂತೆ. ಇಟ್ಟಂಗಿ ನನ್ನ ಕಿವಿಯ ಪಕ್ಕದಲ್ಲೇ ಹಾದು ಹಿಂದೆ ಬಿತ್ತು.

"ತಪ್ಪ ನಂದರಿ," ಎಂದು ಮುಕಾದಮನಿಗೆ ಕೇಳುವಂತೆ ನಾನೇ ಕೂಗಿದೆ. ಜೀವನದಲ್ಲಿ ಮೊದಲ ಸಲ.

ಅವನು ನಂಬಲಿಲ್ಲ. "ಅಂವ ಚಷ್ಮಾ ಹಾಕ್ಕೊಂಡು ಕುಂತಾನ, ನಿನಗಿನ್ನೂ ನೆಟ್ಟಗ ಒಗಿಯಾಕ ಬರವಲ್ಲದೇನವಾ?" ಎಂದು ಕಸ್ತೂರಿಗೇ ಬೈದ. ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹದಿನೆಂಟು ವರ್ಷಕ್ಕೆ ನಾನು ಒಪ್ಪಿಕೊಂಡ ಒಂದೇ ಒಂದು ತಪ್ಪು, ಅದೂ ಅವಳ ಹೆಸರಿಗೇ ಹೋಯಿತು.