ಮೇಲಿನ ಮನೆಯ ಸಪ್ಪಳ

ಮನೆಯಿಂದ ಕೆಲಸ ಮಾಡುವ ವಿದ್ಯೆಯಲ್ಲಿ ಇಡೀ ಹೈದರಾಬಾದಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ನಾಚಾರಂನ ಒಂದು ಯಂತ್ರಭಾಗಗಳ ಕಂಪನಿಯಲ್ಲಿ ನಾನು ಖರೀದಿ ವಿಭಾಗದವನು. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಮನೆ ಸೇರಿದವನು, ಕೊರೊನಾ ಹೋದ ಮೇಲೂ ಮನೆಯಲ್ಲೇ ಉಳಿದೆ. ಮಲಗುವ ಕೋಣೆಯೇ ಕಚೇರಿ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ. ಕ್ಯಾಮೆರಾಕ್ಕೆ ಕಾಣುವಷ್ಟು ಭಾಗಕ್ಕೆ ಮಾತ್ರ ಶಿಸ್ತು.

ಕಚೇರಿ ಎಂದ ಮೇಲೆ ನಿಯಮಗಳು ಬೇಕಲ್ಲ! ನನ್ನ ಹೆಂಡತಿ ಸುವರ್ಣಾಗೆ ಅವನ್ನು ಬಾಯಿಪಾಠ ಮಾಡಿಸಿದ್ದೆ. ಮೀಟಿಂಗ್ ಹೊತ್ತಿನಲ್ಲಿ ಮಿಕ್ಸರ್ ತಿರುಗಕೂಡದು. ಕುಕ್ಕರ್ ಸೀಟಿ ಹೊಡೆಯಕೂಡದು. ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದರೂ ಪಿಸುದನಿಯಲ್ಲೇ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೋಳದ ರೊಟ್ಟಿ ಬಡಿಯಕೂಡದು. ನಾವು ರಾಯಚೂರಿನ ಕಡೆಯವರು. ಸುವರ್ಣಾ ರೊಟ್ಟಿ ಬಡಿಯಲು ಕೂತರೆ ನೆಲ ನಡುಗುತ್ತದೆ. ಒಮ್ಮೆ ಮೀಟಿಂಗಿನಲ್ಲಿ ಅದು ಕೇಳಿಸಿ, ಯಾರೋ ನನಗೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ತಿಳಿದು ಉಳಿದವರೂ ತಟ್ಟಿಬಿಟ್ಟಿದ್ದರು.

ಪಾಪ, ಅವಳು ಎದುರಾಡಲಿಲ್ಲ. "ಆತು ಬಿಡ್ರಿ, ಚಪಾತಿ ಮಾಡ್ತೀನಿ. ಲಟ್ಟಿಸಿದ್ರ ಸಪ್ಪಳ ಆಗಂಗಿಲ್ಲ," ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಶಾಂತಿ ಮತ್ತು ಚಪಾತಿ.

ಈ ಶಾಂತಿಗೆ ಇದ್ದ ಒಬ್ಬರೇ ಶತ್ರು ಮೇಲಿನ ಮನೆಯ ಪದ್ಮಕ್ಕ. ತೆಲುಗಿನವರು, ಒಳ್ಳೆಯ ಹೆಂಗಸು. ಆದರೆ ದಿನಾ ಬೆಳಗಿನ ಮೀಟಿಂಗ್ ಹೊತ್ತಿಗೆ ಸರಿಯಾಗಿ ನನ್ನ ತಲೆಯ ಮೇಲೆ ದಪ್ ದಪ್ ಎಂದು ಶುರುವಾಗುತ್ತಿತ್ತು. ಖಾರ ಕುಟ್ಟುತ್ತಾರೋ ಗೋಡೆ ಕುಟ್ಟುತ್ತಾರೋ ತಿಳಿಯದು. ಕಸಬರಿಗೆಯ ಹಿಡಿಯಿಂದ ಛಾವಣಿಗೆ ಬಡಿದರೆ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಇನ್ನೂ ಜೋರಾಗುತ್ತಿತ್ತು. ಸುವರ್ಣಾಳಿಗೆ ಕೇಳಿಸೋಣವೆಂದರೆ ಆ ಹೊತ್ತಿಗೆ ಅವಳು ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿರುತ್ತಿದ್ದಳು. ಊಟಕ್ಕೆ ಕೂತಾಗ ದೂರು ಹೇಳಿದರೆ, "ಇರ್ಲಿ ಬಿಡ್ರಿ. ಅವರ ಮನ್ಯಾಗ ಅವರು ಏನರ ಮಾಡ್ಕೋತಾರ," ಎಂದು ತಲೆ ತಗ್ಗಿಸಿ ಬಡಿಸುತ್ತಿದ್ದಳು. ಎಂಥ ತಾಳ್ಮೆಯ ಹೆಂಗಸು ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಕಂಪನಿಯ ಆಜ್ಞೆ ಬಂತು. ಸೋಮವಾರದಿಂದ ಎಲ್ಲರೂ ಕಚೇರಿಗೆ ಬರಬೇಕು. ಬರಲಾಗದವರು ಶುಕ್ರವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ರಾವ್ ಸಾಹೇಬರಿಗೆ ಕಾರಣ ಹೇಳಬೇಕು.

ನನಗೆ ಬಸ್ಸಿನ ನೂಕುನುಗ್ಗಲಿಗಿಂತ ಹೆಚ್ಚಾಗಿ ಸುವರ್ಣಾಳ ಚಿಂತೆ. ಮಗಳು ಮದುವೆಯಾಗಿ ಹುಬ್ಬಳ್ಳಿ ಸೇರಿದ್ದಾಳೆ. ಇಷ್ಟು ವರ್ಷ ದಿನವಿಡೀ ಕಣ್ಣೆದುರಿಗಿದ್ದ ಗಂಡ ಇದ್ದಕ್ಕಿದ್ದಂತೆ ಹೊರಟುಬಿಟ್ಟರೆ ಇವಳು ಒಬ್ಬಳೇ ಹೇಗಿರುತ್ತಾಳೆ?

"ನಾ ಆಫೀಸಿಗೆ ಹೋದ್ರ ನಿನಗ ಬ್ಯಾಸರ ಆಗ್ತೈತೇನು?" ಎಂದು ಕೇಳಿದೆ.

"ಹೆಂಗ ಹೇಳೋದ್ರಿ," ಎಂದು ಅವಳು ಮುಖ ಆಚೆ ತಿರುಗಿಸಿದಳು. ಅಳು ಬಂದಿರಬೇಕೆಂದುಕೊಂಡೆ.

ಶುಕ್ರವಾರ ಟೈ ಕಟ್ಟಿದೆ. ನನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ನಿವೇದಿಸಿಕೊಂಡೆ. ನಮ್ಮ ಮನೆಯಂಥ ಪ್ರಶಾಂತ ವಾತಾವರಣ ಯಾವ ಕಚೇರಿಯಲ್ಲೂ ಸಿಗದು. ಅಲ್ಲದೆ ನನ್ನ ಧರ್ಮಪತ್ನಿ ನಾನಿಲ್ಲದೆ ಒಂದು ದಿನವೂ...

ದಪ್ ದಪ್ ದಪ್.

ರಾವ್ ಸಾಹೇಬರು ಕನ್ನಡಕ ಏರಿಸಿಕೊಂಡರು. "ನಿಮ್ಮ ಮನೆ ಕೆಡವುತ್ತಿದ್ದಾರೇನು?" ಎಂದು ವಿಚಾರಿಸಿದರು.

"ಎರಡೇ ನಿಮಿಷ ಸಾರ್," ಎಂದು ಎದ್ದೆ. ಎದ್ದದ್ದು ತಪ್ಪಾಯಿತು. ಲುಂಗಿ ಸಮೇತ ನನ್ನ ಪೂರ್ಣದರ್ಶನ ಇಡೀ ಖರೀದಿ ವಿಭಾಗಕ್ಕೆ ಆಯಿತು!

ಮೆಟ್ಟಿಲು ಹತ್ತುತ್ತಾ ಪದ್ಮಕ್ಕನಿಗೆ ಹೇಳಬೇಕಾದದ್ದನ್ನೆಲ್ಲ ತೆಲುಗಿನಲ್ಲಿ ಜೋಡಿಸಿಕೊಂಡೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಗುವ ನಗು. ದನಿ ಎಲ್ಲೋ ಕೇಳಿದಂತಿತ್ತು.

ಅಡುಗೆಮನೆಯ ನೆಲದ ಮೇಲೆ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ನನ್ನ ಧರ್ಮಪತ್ನಿ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಪದ್ಮಕ್ಕ ಒಲೆಯ ಮುಂದೆ ನಿಂತು ಬೇಯಿಸುತ್ತಿದ್ದರು. ನನ್ನ ತೆಲುಗು ಅಲ್ಲಿಗೇ ಮುಗಿಯಿತು.

"ರೀ, ಮೀಟಿಂಗ್ ಇತ್ತಲ್ಲ?" ಎಂದು ಸುವರ್ಣಾ ಗಾಬರಿಯಾದಳು.

"ನಡದೈತಿ. ಅರಿವಿ ಒಣಗಿದ್ವೇನು?"

ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. "ಸಿಟ್ಟಾಗಬ್ಯಾಡ್ರಿ. ನಾಕ್ ರೊಟ್ಟಿ ಬಡದು, ಪದ್ಮಕ್ಕನ ಜೋಡಿ ನಾಕ್ ಮಾತಾಡಿ ಬರ್ತೀನಿ. ಕೆಳಗ ಬಾಯಿ ಬಿಗಿಹಿಡ್ಕೊಂಡು ಇದ್ದು ಇದ್ದು, ನನ್ನ ದನಿ ನನಗ ಮರತಂಗ ಆಗಿತ್ತು."

"ಮತ್ತ ನಾ ಕೆಳಗಿಂದ ಬಡೀತಿದ್ನಲ್ಲ?"

ಅದಕ್ಕೆ ಪದ್ಮಕ್ಕ ತೆಲುಗಿನಲ್ಲಿ ಉತ್ತರ ಕೊಟ್ಟರು. ನಾನು ಬಡಿದಾಗಲೆಲ್ಲ ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲವಂತೆ. ಆ ನಗು ಕೆಳಗೆ ಕೇಳಿಸದಿರಲೆಂದು ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿಯುತ್ತಿದ್ದರಂತೆ.

ನಾನು ನೆಲದ ಮೇಲೆ ಕೂತೆ. ನಿಜವಾಗಿಯೂ ಸಂಕಟವಾಯಿತು. ನಾನು ಹೋದರೆ ಇವಳು ಒಂಟಿಯಾಗುತ್ತಾಳೆಂದು ಈಗಷ್ಟೇ ಕಂಪನಿಗೆಲ್ಲ ಸಾರಿ ಬಂದಿದ್ದೆ. ನಾನು ಇದ್ದಾಗಲೇ ಅವಳು ಒಂಟಿಯಾಗಿದ್ದಳು, ಪಕ್ಕದ ಕೋಣೆಯಲ್ಲಿದ್ದ ನನಗೆ ಅದು ಗೊತ್ತಾಗಿರಲಿಲ್ಲ. ಹೀಗೆ ಮರುಗುತ್ತಿರುವಾಗ ಸುವರ್ಣಾ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೈಗಿಟ್ಟಳು. ಸಂಕಟದಲ್ಲೇ ಮೂರು ರೊಟ್ಟಿ ತಿಂದೆ.

ಕೆಳಗೆ ಬರುವಷ್ಟರಲ್ಲಿ ಮೀಟಿಂಗ್ ಮುಗಿದಿತ್ತು. ನನ್ನ ಖಾಲಿ ಕುರ್ಚಿಯನ್ನೇ ನನ್ನ ಒಪ್ಪಿಗೆಯೆಂದು ದಯಾಪೂರ್ವಕವಾಗಿ ಪರಿಗಣಿಸಿ, ಸೋಮವಾರ ಬರುವವರಲ್ಲಿ ನನ್ನನ್ನೂ ಸೇರಿಸಿದ್ದರು. ಇನ್ನೊಮ್ಮೆ ಬೇಡಿಕೊಳ್ಳಬಹುದಿತ್ತು. ಬೇಡಿಕೊಳ್ಳಲಿಲ್ಲ.

"ಸೋಮವಾರದಿಂದ ಆಫೀಸಿಗೆ ಹೋಗಾಂವ ನಾ," ಎಂದು ನನ್ನ ಹಿಂದೆಯೇ ಇಳಿದು ಬಂದ ಹೆಂಡತಿಗೆ ಹೇಳಿದೆ.

"ಅಯ್ಯ, ಹೌದ್ರಿ?" ಎಂದು ಸುವರ್ಣಾ ಮತ್ತೆ ಮುಖ ಆಚೆ ತಿರುಗಿಸಿದಳು. ಈ ಸಲ ನಾನು ಸ್ವಲ್ಪ ಬಗ್ಗಿ ನೋಡಿದೆ. ಅಳುತ್ತಿರಲಿಲ್ಲ.

ಸೋಮವಾರ ಸಂಜೆ ಮನೆಗೆ ಬಂದರೆ ಅವಳ ಮಾತು ಬಾಗಿಲಲ್ಲೇ ಶುರುವಾಯಿತು. ಪದ್ಮಕ್ಕನ ಜೊತೆ ಕೋಠಿಯ ಬಜಾರಿಗೆ ಹೋಗಿದ್ದು, ರವಿಕೆ ಬಟ್ಟೆಗೆ ಚೌಕಾಸಿ ಮಾಡಿದ್ದು, ಆಟೋದವನು ದಾರಿ ತಪ್ಪಿಸಿದ್ದು, ತಂಗಿಯ ಜೊತೆ ಗಟ್ಟಿದನಿಯಲ್ಲಿ ಮಾತಾಡಿದ್ದು. ಇಷ್ಟು ವರ್ಷ ಹಗಲೂ ರಾತ್ರಿ ಒಂದೇ ಮನೆಯಲ್ಲಿದ್ದ ನಮಗೆ ಒಬ್ಬರಿಗೊಬ್ಬರು ಹೇಳಲು ಏನೂ ಇರುತ್ತಿರಲಿಲ್ಲ. ಕೈಯಲ್ಲಿದ್ದ ಚಹಾ ಆರಿಹೋಯಿತು, ನಾನು ಕೇಳುತ್ತಲೇ ಇದ್ದೆ.

"ನಿಮ್ದು ಹೇಳ್ರಿ. ಆಫೀಸಿನ್ಯಾಗ ಏನ್ ಮಾಡಿದ್ರಿ?"

"ಎರಡು ಬಸ್ ಬದಲಿಸಿ ಹೋದ್ನಿ. ಲ್ಯಾಪ್‌ಟಾಪ್ ತಗದ್ನಿ. ಬಾಜೂಕ ಕೂತಾವನ ಜೋಡಿ ಲ್ಯಾಪ್‌ಟಾಪಿನ್ಯಾಗ ಮೀಟಿಂಗ್ ಮಾಡಿದ್ನಿ."

"ಬಾಜೂಕ ಕೂತಾವನ ಜೋಡೀನ?"

"ಹೂಂ. ಅವನ ದನಿ ಎರಡೆರಡು ಸಲ ಕೇಳಾಕತ್ತಿತ್ತು."

"ಮತ್ತ ರಾವ್ ಸಾಹೇಬ್ರು?"

"ಅವರಿಗೆ ಬರಾಕ ಆಗಲಿಲ್ಲಂತ. ಮನಿಯಿಂದ ಮಾತಾಡಿದ್ರು."

ಸುವರ್ಣಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳಿಗೆ ಬೇಸರವಾಗದಿರಲೆಂದು ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದ ನಾನು, ಅವಳನ್ನು ಒಂದು ಸಲ ಹೀಗೆ ನಗಿಸಲು ನಾಚಾರಂವರೆಗೆ ಹೋಗಿಬರಬೇಕಾಯಿತು.