ಕರ್ನಲ್ಲಿನ ಮೂರನೆಯ ಮನೆ

ನಾನು ಮಾಡಿದ್ದನ್ನು ನಾಲ್ಕು ಜನ ನೋಡಿ ಮೆಚ್ಚಬೇಕು, ಆದರೆ ಅದರೊಳಗೆ ಯಾರೂ ಕೈ ಹಾಕಬಾರದು. ಇದು ನನ್ನ ಹುಟ್ಟುಗುಣ. ಹೋಳಿಗೆ ಮಾಡಿದರೂ ಅಷ್ಟೇ. ದುಂಡಗಿನ ಹೋಳಿಗೆಗಳ ತಟ್ಟೆ ಹಿಡಿದು ಪಡಸಾಲೆಗೆ ಬರುತ್ತೇನೆ, ಅಡುಗೆಮನೆಯ ಬಾಗಿಲನ್ನು ಮಾತ್ರ ಎಳೆದು ಮುಚ್ಚಿಯೇ ಬರುತ್ತೇನೆ. ಒಳಗೆ ಹೂರಣ ಹೊರಬಂದು ಹರಿದ ಮೊದಲ ಐದಾರು ಹೋಳಿಗೆಗಳು ಬಿದ್ದಿರುತ್ತವಲ್ಲ, ಅವು ಲೋಕಕ್ಕೆ ಸಂಬಂಧಪಟ್ಟ ವಿಷಯವಲ್ಲ. ಇಂಥ ಸ್ವಭಾವದವಳು ಹದಿನೈದು ವರ್ಷದಿಂದ ಚಿತ್ತಾಪುರದಿಂದ ದಿನಾ ರೈಲು ಹಿಡಿದು ಸೇಡಂಗೆ ಹೋಗಿ, ಒಂದು ಪಾಲಿಟೆಕ್ನಿಕ್ಕಿನಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಮಾಡುತ್ತಿದ್ದೇನೆ. ಏನನ್ನು ಮುಚ್ಚಿಡಬೇಕು, ಏನನ್ನು ತೋರಿಸಬೇಕು ಅನ್ನುವುದೇ ಅರ್ಧ ಪಾಠವಾಗಿರುವ ವಿಷಯ ಅದು. ನನಗೆಂದೇ ಮಾಡಿಟ್ಟ ನೌಕರಿ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ನನಗೊಂದು ಹುಚ್ಚು ಹತ್ತಿತು. ಮಕ್ಕಳಿಗೆ ಕಲಿಸಲು ನಾನೇ ಒಂದು ಪುಟ್ಟ ಕರ್ನಲ್ ಬರೆಯಬೇಕು. ಕರ್ನಲ್ ಅಂದರೆ ಕಂಪ್ಯೂಟರಿನ ಒಳಗೆ ಕೂತು ಎಲ್ಲ ಪ್ರೋಗ್ರಾಂಗಳನ್ನೂ ಆಳುವ ಪ್ರೋಗ್ರಾಂ. ಈಗ ಯಾರ ಸರದಿ, ಯಾರು ಕಾಯಬೇಕು, ಯಾರು ಮಲಗಬೇಕು ಎಂದು ನಿರ್ಧರಿಸುವುದು ಅದೇ. ದೊಡ್ಡ ಕಂಪನಿಗಳು ಬರೆದದ್ದನ್ನು ಪಾಠ ಮಾಡಿ ಮಾಡಿ ಬೇಸತ್ತಿದ್ದ ನನಗೆ, ನನ್ನದೇ ಕರ್ನಲ್ ಮೊದಲ ಸಲ ಎದ್ದು ಪರದೆಯ ಮೇಲೆ ಒಂದು ಸಾಲು ಬರೆದ ದಿನ ಕೂತಲ್ಲಿ ಕೂರಲಾಗಲಿಲ್ಲ. ಸ್ಟಾಫ್ ರೂಮಿಗೆ ಓಡಿಹೋಗಿ ಹೇಳಿದೆ. ಸಿವಿಲ್ ವಿಭಾಗದವರೊಬ್ಬರು, "ಛಲೋ ಆಯ್ತಲ್ರಿ. ಇದು ಏನ್ ಮಾಡ್ತದ?" ಅಂದರು. "ಇದೇ, ಒಂದು ಸಾಲು ಬರೀತದರಿ," ಅಂದೆ. ಅವರು ಚಹಾ ಕುಡಿಯುವುದನ್ನು ಮುಂದುವರಿಸಿದರು. ನನ್ನ ಉತ್ಸಾಹ ಮಾತ್ರ ರೈಲು ಚಿತ್ತಾಪುರ ಮುಟ್ಟಿದರೂ ಇಳಿಯಲಿಲ್ಲ.

ಆ ಕರ್ನಲ್ಲಿನೊಳಗೆ ಒಂದು ಪಟ್ಟಿ ಇತ್ತು. ಓಡುವ ಪ್ರತಿಯೊಂದು ಪ್ರೋಗ್ರಾಂಗೂ ಒಂದು ಸಾಲು, ಸಾಲಿನಲ್ಲಿ ನಾಲ್ಕು ಮನೆ: ನಂಬರು, ಹೆಸರು, ಸ್ಥಿತಿ, ಬಳಸಿದ ಸಮಯ. ಈ ಪಟ್ಟಿಯನ್ನು ನಾನು ಭದ್ರವಾಗಿ ಮುಚ್ಚಿಟ್ಟಿದ್ದೆ. ಹೊರಗಿನ ಪ್ರೋಗ್ರಾಂಗೆ ಏನಾದರೂ ಬೇಕಾದರೆ ಕೇಳಬೇಕು, ಕರ್ನಲ್ ಕೇಳಿದಷ್ಟಕ್ಕೇ ಉತ್ತರ ಕೊಡುತ್ತದೆ. ನನಗೆ ಇದು ಭಾಳ ಶಿಸ್ತಿನ ಏರ್ಪಾಡಾಗಿ ಕಂಡಿತ್ತು. ನಮ್ಮ ಲ್ಯಾಬಿನ ಇನ್‌ಸ್ಟ್ರಕ್ಟರ್ ಮಹಾಂತಪ್ಪನವರಿಗೆ ಹಾಗೆ ಕಾಣಲಿಲ್ಲ. ಅವರು ಚಿಂಚೋಳಿ ಕಡೆಯ ಕೊಡ್ಲಿಯವರು, ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಡಿಮೆ.

"ಮೇಡಂ, ಮಕ್ಕಳಿಗೆ ಒಳಗ ಏನ್ ನಡದದ ಅಂತ ಕಾಣಂಗೇ ಇಲ್ಲರಿ," ಅಂದರು ಒಂದು ದಿನ. "ಕಲೀಲಿ ಅಂತ ಮಾಡೀರಿ, ಮತ್ತ ಮುಚ್ಚಿಟ್ಟೀರಿ. ಕೇಳಿ ಕೇಳಿ ಒಂದೊಂದೇ ತಿಳ್ಕೊಳ್ಳೋದಂದ್ರ ಯಾವಾಗ ಮುಗೀಬೇಕು?"

ಒಳಗಿನದನ್ನೂ ಜನ ನೋಡಿ ಮೆಚ್ಚಬಹುದು ಅನ್ನುವ ಆಸೆ ಅಲ್ಲೇ ಚಿಗುರಿತು. ಮರುವಾರ ಇಡೀ ಪಟ್ಟಿಯನ್ನು ಬಯಲಿಗೆ ಬಿಟ್ಟೆ. ಯಾವ ಪ್ರೋಗ್ರಾಂ ಬೇಕಾದರೂ ನೇರ ಓದಬಹುದು, ತಿದ್ದುವಂತಿಲ್ಲ, ಅಷ್ಟೇ. ಮೊದಲನೆಯ ಮನೆ ನಂಬರು, ಎರಡನೆಯದು ಹೆಸರು, ಮೂರನೆಯದು ಸ್ಥಿತಿ, ನಾಲ್ಕನೆಯದು ಸಮಯ ಎಂದು ಒಂದು ಹಾಳೆಯಲ್ಲಿ ಬರೆದು ಝೆರಾಕ್ಸ್ ಮಾಡಿಸಿ ಹಂಚಿಯೂ ಬಿಟ್ಟೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಕುರಕುಂಟಾದಿಂದ ಬರುವ ರೇಣುಕಾ ಎಂಬ ಕೊನೆಯ ವರ್ಷದ ಹುಡುಗಿ ಆ ಪಟ್ಟಿಯನ್ನು ಓದಿ ಪರದೆಯ ಮೇಲೆ ಸೇಡಂ ಬಸ್ ಸ್ಟ್ಯಾಂಡನ್ನೇ ಕಟ್ಟಿದಳು. ಒಂದೊಂದು ಪ್ರೋಗ್ರಾಂ ಒಂದೊಂದು ಬಸ್ಸು. ಓಡುವ ಪ್ರೋಗ್ರಾಂ ಕಲಬುರಗಿ ರಸ್ತೆಯಲ್ಲಿ, ಕಾಯುವುದು ಪ್ಲಾಟ್‌ಫಾರ್ಮಿನಲ್ಲಿ, ಮಲಗಿದ್ದು ಮೂಲೆಯಲ್ಲಿ ಡ್ರೈವರ್ ಸಮೇತ, ಸತ್ತದ್ದು ಡಿಪೋದಲ್ಲಿ. ಕರ್ನಲ್ಲು ಸರದಿ ಬದಲಿಸಿದಂತೆಲ್ಲ ಬಸ್ಸುಗಳು ಹೋಗುವುದು ಬರುವುದು. ಹದಿನೈದು ವರ್ಷ ಬೋರ್ಡಿನ ಮೇಲೆ ನಾನು ಬಾಣ ಎಳೆದು ಹೇಳಿದ್ದು ಅಲ್ಲಿ ಓಡಾಡುತ್ತಿತ್ತು. ಮೆಕ್ಯಾನಿಕಲ್ಲಿನ ಹುಡುಗರೂ ಬಂದು ಗುಂಪುಗಟ್ಟಿ ನೋಡಿದರು. ರೇಣುಕಾ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡಳು. ಮುಂದೆ ಎಂಜಿನಿಯರಿಂಗ್ ಸೇರಲು ಅವಳಿಗೆ ಅದರ ಅಂಕ ಬೇಕಿತ್ತು.

ವಾಡಿಯ ಇಮ್ರಾನ್ ಇನ್ನೊಂದು ಪ್ರಾಜೆಕ್ಟ್ ಹಿಡಿದಿದ್ದ. ಯಾವ ಪ್ರೋಗ್ರಾಂಗೆ ಎಷ್ಟು ಆದ್ಯತೆ ಕೊಡಬೇಕು ಅನ್ನುವುದು ಅವನದು. ಅದಕ್ಕೆ ಪಟ್ಟಿಯಲ್ಲಿ ಹೊಸದೊಂದು ಮನೆ ಬೇಕಾಯಿತು. ಇಬ್ಬರ ಪ್ರಾಜೆಕ್ಟಿನ ವೈವಾ, ಅಂದರೆ ಮೌಖಿಕ ಪರೀಕ್ಷೆ, ಸೋಮವಾರ ಇತ್ತು. ಶನಿವಾರ ನಾನು ಆದ್ಯತೆಯ ಮನೆ ಸೇರಿಸಿದೆ. ಕೊನೆಗೆ ಸೇರಿಸಬಹುದಿತ್ತು. ಆದರೆ ಹೆಸರಿನ ಪಕ್ಕದಲ್ಲೇ ಇದ್ದರೆ ನೋಡಲು ಚೆಂದ ಅನ್ನಿಸಿ ಮೂರನೆಯ ಜಾಗದಲ್ಲಿ ಕೂರಿಸಿದೆ. ಸ್ಥಿತಿ ನಾಲ್ಕಕ್ಕೆ ಸರಿಯಿತು, ಸಮಯ ಐದಕ್ಕೆ. ಇಮ್ರಾನ್ ಅಂದೇ ಹೊಸ ಲೆಕ್ಕದಲ್ಲಿ ತನ್ನ ಕೆಲಸ ಮುಗಿಸಿದ. ನನ್ನ ಪ್ರೋಗ್ರಾಂಗಳೂ ಸುಸೂತ್ರ ನಡೆದವು. ಅವೆಲ್ಲ ಹಳೆಯ ಪದ್ಧತಿಯಂತೆ ಕರ್ನಲ್ಲನ್ನು ಕೇಳಿಯೇ ತಿಳಿಯುತ್ತಿದ್ದವು, ಪಟ್ಟಿಯನ್ನು ಮುಟ್ಟುತ್ತಲೇ ಇರಲಿಲ್ಲ. ನಾನು ಹಗುರಾಗಿ ಮನೆಗೆ ಹೋದೆ.

ಸೋಮವಾರ ಒಂಬತ್ತಕ್ಕೆ ರೇಣುಕಾ ತನ್ನ ಬಸ್ ಸ್ಟ್ಯಾಂಡ್ ತೆರೆದಳು. ಡಿಪೋದಲ್ಲಿ ಸತ್ತು ಬಿದ್ದಿರಬೇಕಾದ ಬಸ್ಸು ಕಲಬುರಗಿ ರಸ್ತೆಯಲ್ಲಿ ಓಡುತ್ತಿತ್ತು. ಓಡಬೇಕಾದ್ದರಲ್ಲಿ ಡ್ರೈವರ್ ಮಲಗಿದ್ದ. ಉಳಿದವೆಲ್ಲ ಒಂದರ ಮೇಲೊಂದು ಒಂದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದವು.

"ಏನರ ಬದಲ್ ಮಾಡೀಯೇನು?" ಎಂದು ಕೇಳಿದೆ. ತಪ್ಪು ಮೊದಲು ಎದುರಿಗಿರುವವರದು ಎಂದು ತಿಳಿಯುವುದು ಮೇಷ್ಟರ ಕೆಲಸದಲ್ಲಿ ಬರುವ ರೋಗ.

"ಇಲ್ಲರಿ ಮೇಡಂ. ಒಂದಕ್ಷರನೂ ಮುಟ್ಟಿಲ್ಲರಿ." ಅವಳ ದನಿ ಸಣ್ಣದಾಗಿತ್ತು.

ಸತ್ಯ ಹೊಳೆಯಲು ನನಗೆ ಅರ್ಧ ನಿಮಿಷ ಸಾಕಾಯಿತು, ಒಪ್ಪಿಕೊಳ್ಳಲು ಇನ್ನೂ ಐದು ನಿಮಿಷ ಬೇಕಾಯಿತು. ಅವಳ ಪ್ರೋಗ್ರಾಂ ಮೂರನೆಯ ಮನೆಯನ್ನು ಸ್ಥಿತಿ ಎಂದು ಓದುತ್ತಿತ್ತು, ಈಗ ಅಲ್ಲಿ ಆದ್ಯತೆ ಕೂತಿತ್ತು. ಎರಡೂ ಬರೀ ಅಂಕೆಗಳಾದ್ದರಿಂದ ಆದ್ಯತೆಯ ಅಂಕೆಯನ್ನೇ ಸ್ಥಿತಿ ಅಂದುಕೊಂಡು ಬಸ್ಸುಗಳನ್ನು ನಿಲ್ಲಿಸಿತ್ತು. "ಕರ್ನಲ್ಲಿನ ಒಳಗಿಂದು ಬದಲಾಗ್ತಿರ್ತದ. ಹಿಂಗ ಮನಿ ಎಣಿಸಿ ಓದಬಾರದವ್ವಾ," ಎಂದು ಪಾಠ ಶುರುಮಾಡಿದೆ. ಅವಳು ಬ್ಯಾಗಿನಿಂದ ನಾಲ್ಕು ಮಡಿಕೆಯ ಝೆರಾಕ್ಸ್ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಮೂರನೆಯದು ಸ್ಥಿತಿ, ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ.

"ನೀವೇ ಕೊಟ್ಟಿದ್ರಿ ಮೇಡಂ," ಅಂದಳು. ಜಗಳದ ದನಿಯಲ್ಲ. ನೆನಪಿಸುವ ದನಿ.

ಮದುವೆಯಾದ ಹೊಸದರಲ್ಲಿ ನಾನು ಇದನ್ನೇ ಮಾಡಿದ್ದೆ. ನಮ್ಮತ್ತೆಗೆ ಕಣ್ಣು ಮಂಜು. ಅಡುಗೆಮನೆಯ ಹಲಗೆಯ ಮೇಲೆ ಎಡದಿಂದ ಮೂರನೆಯ ಡಬ್ಬಿ ಸಕ್ಕರೆ ಎಂದು ಕೈಯಲ್ಲೇ ಎಣಿಸಿ ತೆಗೆಯುವರು. ನಾನು ಡಬ್ಬಿಗಳನ್ನು ಎತ್ತರದ ಪ್ರಕಾರ ಚೆಂದಾಗಿ ಜೋಡಿಸಿದೆ. ಶಹಾಬಾದದಿಂದ ಬಂದ ಬೀಗರು ಉಪ್ಪಿನ ಚಹಾ ಕುಡಿದು ಹೋದರು. ಮನೆಯಲ್ಲಿ ಬುದ್ಧಿ ಬಂದರೂ ಅದನ್ನು ಸೇಡಂವರೆಗೆ ಒಯ್ಯುವುದು ನನ್ನಿಂದಾಗಿರಲಿಲ್ಲ.

"ಶನಿವಾರದ್ದು ತೆಗೆದು ಹಳೇದೇ ಹಾಕ್ತೀನಿ," ಅಂದೆ.

"ಹಂಗಾದ್ರ ಇಮ್ರಾನಂದು ಬೀಳ್ತದರಿ," ಅಂದರು ಮಹಾಂತಪ್ಪ. ಇಮ್ರಾನ್ ಆಗಲೇ ಬಾಗಿಲಲ್ಲಿ ನಿಂತಿದ್ದ. ಹನ್ನೊಂದಕ್ಕೆ ಕಲಬುರಗಿಯ ಪರೀಕ್ಷಕರು ಬರುವವರಿದ್ದರು.

ಉಪಾಯ ಹೊಳೆದದ್ದು ಆಗ. ಕರ್ನಲ್ಲಿನ ನಿಜವಾದ ಪಟ್ಟಿಯನ್ನು ಮತ್ತೆ ಒಳಗೆ ಮುಚ್ಚಿಬಿಡುವುದು. ಹೊರಗೆ ಬೇರೆ ಒಂದು ಪಟ್ಟಿ ತೂಗುಹಾಕುವುದು. ಅದರಲ್ಲಿ ಹಾಳೆಯಲ್ಲಿ ಮಾತು ಕೊಟ್ಟ ನಾಲ್ಕು ಮನೆ ಅದೇ ಕ್ರಮದಲ್ಲಿ, ಐದನೆಯದಾಗಿ ಆದ್ಯತೆ. ಒಳಗೆ ನಾನು ಎಷ್ಟು ಬೇಕಾದರೂ ಚೆಂದ ಮಾಡಿಕೊಳ್ಳಬಹುದು, ಹೊರಗಿನದು ಅಲುಗಬಾರದು. ಹೇಳುವಾಗ ನನ್ನ ದನಿ ಏರಿತ್ತಂತೆ, ಪಕ್ಕದ ಕ್ಲಾಸಿನಿಂದ ಇಣುಕಿ ನೋಡಿದರು. ನಾನು ಕರ್ನಲ್ ಬರೆಯಲು ಕೂತೆ. ಇಮ್ರಾನ್ ತನ್ನ ಮೂರನ್ನು ಐದು ಮಾಡಿದ. ರೇಣುಕಾ ಒಂದೊಂದು ಮನೆಯನ್ನೂ ಹಾಳೆಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾ ಹೋದಳು. ನನ್ನೆರಡು ತಪ್ಪುಗಳನ್ನು ಅವಳೇ ಹಿಡಿದಳು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಚಾಲೂ ಮಾಡಿದೆವು. ಬಸ್ಸುಗಳು ಸರಿಯಾದ ಜಾಗದಲ್ಲಿ ನಿಂತಿದ್ದವು. ನಿಂತೇ ಇದ್ದವು. ಮಹಾಂತಪ್ಪ ಕನ್ನಡಕ ಸರಿಮಾಡಿ, "ಸಮಯದ ಮನಿ ಹಂದಾಡವಲ್ದರಿ ಮೇಡಂ," ಅಂದರು. ಹೊರಗಿನ ಪಟ್ಟಿಯನ್ನು ಒಂದೇ ಸಲ ತುಂಬಿಸಿ, ಸರದಿ ಬದಲಾದಾಗಲೆಲ್ಲ ಮತ್ತೆ ತುಂಬಿಸಬೇಕೆನ್ನುವುದನ್ನು ಮರೆತಿದ್ದೆ. ಅಷ್ಟರಲ್ಲಿ ಪರೀಕ್ಷಕರ ಫೋನ್ ಬಂತು. ರೈಲು ವಾಡಿಯ ಹೊರಗೆ ಸಿಗ್ನಲ್ ಸಿಗದೆ ನಿಂತುಬಿಟ್ಟಿದೆ, ಮುಕ್ಕಾಲು ಗಂಟೆ ತಡ. ನನ್ನ ರೈಲನ್ನೂ ದಿನಾ ತಡಮಾಡುವ ಆ ಸಿಗ್ನಲ್ಲನ್ನು ಹದಿನೈದು ವರ್ಷ ಬೈದವಳು ಅವತ್ತೊಂದು ದಿನ ಮನಸ್ಸಿನಲ್ಲೇ ಕೈಮುಗಿದೆ. ಕಾಲು ಗಂಟೆಯಲ್ಲಿ ಬಸ್ಸುಗಳು ಹೊರಟವು. ಇಮ್ರಾನ್ ಚಪ್ಪಾಳೆ ಹೊಡೆದ.

ಪರೀಕ್ಷಕರು ವಯಸ್ಸಾದವರು, ಬಸ್ ಸ್ಟ್ಯಾಂಡನ್ನು ಬಹಳ ಹೊತ್ತು ನೋಡಿದರು. "ಪಟ್ಟಿ ನೇರ ಓದ್ತೀಯಲ್ಲ, ನಾಳೆ ಕರ್ನಲ್ ಬದಲಾದ್ರ ಏನ್ ಮಾಡ್ತಿ?" ಎಂದು ಕೇಳಿದರು.

"ಬದಲಾದ್ರ ಏನಾಗ್ತದ ಅಂತ ಇವತ್ತು ಮುಂಜಾನಿನೇ ನೋಡೀನ್ರಿ ಸರ್," ಎಂದು ರೇಣುಕಾ ಎಲ್ಲವನ್ನೂ ಹೇಳಿದಳು. ಹಾಳೆಯನ್ನೂ ತೋರಿಸಿದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಹತ್ತು ನಿಮಿಷದ ವೈವಾ ಅರ್ಧ ಗಂಟೆಯಾಯಿತು. ಏಳುವಾಗ ಅವರು, "ನಿನ್ನ ಪ್ರಾಜೆಕ್ಟಿನಾಗ ಇದೇ ಭಾಳ ಛಲೋ ಭಾಗ. ರಿಪೋರ್ಟಿನಾಗ ಒಂದು ಪುಟ ಇದನ್ನ ಬರೆದು ಸೇರಸು," ಎಂದರು. ಅವಳ ಮುಖ ನೋಡಿದರೆ ಅಂಕ ಎಷ್ಟೆಂದು ಕೇಳಬೇಕಾಗಿರಲಿಲ್ಲ.

ಮರುದಿನ ಆ ಪುಟ ನನ್ನ ಸಹಿಗೆ ಬಂತು. ಒಳಗಿನ ಪಟ್ಟಿ, ಹೊರಗಿನ ಪಟ್ಟಿ, ಎರಡೂ ಯಾಕೆ ಬೇಕು ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದಕ್ಕಿಂತ ಸ್ಪಷ್ಟವಾಗಿ ಬರೆದಿದ್ದಳು. ಕೊನೆಯಲ್ಲಿ ಒಂದು ಸಾಲು: ಈ ದೋಷಕ್ಕೆ ಕಾರಣ, ಮಾರ್ಗದರ್ಶಕಿ ಶೈಲಜಾ ಮೇಡಂ ಅವರು ಯಾರಿಗೂ ತಿಳಿಸದೆ ಪಟ್ಟಿಯ ಮನೆಗಳನ್ನು ಬದಲಿಸಿದ್ದು.

"ಇಷ್ಟು ಬಿಚ್ಚಿ ಬರೀಬೇಕೇನವ್ವಾ?" ಎಂದೆ.

ಅವಳು ಪೆನ್ನು ತೆಗೆದು ಹಾಳೆಯ ಮೇಲೆ ಬಗ್ಗಿ, ಬಹಳ ವಿನಯದಿಂದ ಕೇಳಿದಳು. "ಎಷ್ಟು ಮುಚ್ಚಲಿ ಹೇಳ್ರಿ ಮೇಡಂ?"

ಹದಿನೈದು ವರ್ಷದಿಂದ ನಾನು ಪಾಠ ಮಾಡುತ್ತಿದ್ದುದು ಇದನ್ನೇ. ಅವಳ ಕೈಯಿಂದ ಪೆನ್ನು ತೆಗೆದುಕೊಂಡೆ. ಎಲೆಕ್ಟ್ರಿಕಲ್ ವಿಭಾಗದಲ್ಲಿ ಇನ್ನೊಬ್ಬರು ಶೈಲಜಾ ಮೇಡಂ ಇದ್ದಾರೆ. ಪಾಪ, ಅವರ ಮೇಲೆ ಅನುಮಾನ ಬರುವುದು ಬೇಡವೆಂದು ನನ್ನ ಹೆಸರಿನ ಹಿಂದೆ ಇನಿಶಿಯಲ್ ಸೇರಿಸಿ, ಸಹಿ ಹಾಕಿ ಕೊಟ್ಟೆ.